ಸುರೇಬಾನದ ಕೊಲೆ, ಬೆಳಗಾವಿಯ ಗಲ್ಲು

ಕನಕುಂಬಿಯಲ್ಲಿ ಉಗಮಿಸಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವ ಮಲಪ್ರಭೆಯ ದಂಡೆ ಶರಣರು ನಡೆದಾಡಿದ ನೆಲ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಗಳು ಈ ಹೊಳೆಯ ಆಸರೆಯಲ್ಲಿಯೇ ಬೆಳೆದು ಬಂದವು. ಕಲ್ಯಾಣದ ವಿಪ್ಲವದ ಬಳಿಕ ಉಳವಿಯ ಕಡೆಗೆ ಹೊರಟ ಶರಣಗಣದ ನೆನಪು ಇಲ್ಲಿಯ ಊರೂರುಗಳಲ್ಲಿದೆ. ಗಂಗಾಂಬಿಕೆಯ ಐಕ್ಯಸ್ಥಳವೆಂದು ಎಂ.ಕೆ. ಹುಬ್ಬಳ್ಳಿಯ ಹೊಳೆಯ ದಂಡೆಗೆ ಭಕ್ತರು ಇಂದಿಗೂ ನಡೆದುಕೊಳ್ಳುತ್ತಾರೆ. ದಯೆಯನ್ನೇ ಧರ್ಮದ ಮೂಲವೆಂದು ಸಾರಿದವರ ಹೆಜ್ಜೆ ಮೂಡಿದ ಈ ನಾಡಿನಲ್ಲಿಯೇ ಹತ್ತೊಂಬತ್ತನೆಯ ಶತಮಾನದಲ್ಲಿ ಮೂವತ್ತನಾಲ್ಕು ವರ್ಷಗಳ ಅವಧಿಯೊಳಗೆ ಇಬ್ಬರು ಆಂಗ್ಲ ಅಧಿಕಾರಿಗಳು ಹತರಾದರು. ಈ ನೆಲದ ಇಬ್ಬರು ಹೆಸರಾಂತ ಪುರುಷರು ಗಲ್ಲಿಗೇರಿದರು. 1824ರಲ್ಲಿ ಕಿತ್ತೂರಿನ ಕೋಟೆಯ ಬಾಗಿಲಿನಲ್ಲಿ ಬಿದ್ದವನು ಥ್ಯಾಕರೆ. 1858ರಲ್ಲಿ ರಾಮದುರ್ಗದ ಬಳಿಯ ಸುರೇಬಾನದಲ್ಲಿ ಬಿದ್ದವನು ಮ್ಯಾನ್ಸನ್. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದವನು ಸಂಗೊಳ್ಳಿಯ ರಾಯಣ್ಣ; 1858ರಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿದವರು ನರಗುಂದದ ಭಾಸ್ಕರರಾವ ಭಾವೆ, ಅರ್ಥಾತ್ ಬಾಬಾಸಾಹೇಬರು.

ಕಿತ್ತೂರಿನ ಕಥೆ ನಾಡಿನ ಮಕ್ಕಳಿಗೆಲ್ಲ ಬಾಯಿಪಾಠವಾಗಿದೆ. ಸುರೇಬಾನದ ಪ್ರಕರಣವಾದರೋ ಒಂದು ಕಡೆ ವೀರಗಾಥೆಯಾಗಿ, ಇನ್ನೊಂದು ಕಡೆ ಆಂಗ್ಲರ ಬರಹಗಳಲ್ಲಿ ಬರಿಯ ಘಾತುಕ ಕೃತ್ಯವಾಗಿ ಉಳಿದಿದೆ. ಅಂದು ನಡೆದುದು ಕೊಲೆಯೋ ಯುದ್ಧವೋ, ಬೆಳಗಾವಿಯಲ್ಲಿ ಆದುದು ನ್ಯಾಯವೋ ಪ್ರತೀಕಾರವೋ ಎಂಬ ಪ್ರಶ್ನೆಗಳನ್ನು ಮುಚ್ಚುಮರೆಯಿಲ್ಲದೆ ವಿಚಾರಿಸುವುದು ಶರಣಧರ್ಮವನ್ನು ನಂಬಿದವರಿಗೆ ಯೋಗ್ಯವಾದ ಕಾರ್ಯವಾಗಿದೆ.

ದತ್ತಕದ ಬೀಜ

ಈ ಎಲ್ಲ ಮರಣಗಳ ಬೇರು ಒಂದೇ. ಅದು ದತ್ತಕದ ಹಕ್ಕು. 1818ರಲ್ಲಿ ಪೇಶವೆಯರ ಆಳಿಕೆ ಮುಗಿದು ಈ ಸೀಮೆ ಕಂಪನಿ ಸರ್ಕಾರದ ಕೈಗೆ ಬಂದಿತು. ಕಿತ್ತೂರಿನ ಮಲ್ಲಸರ್ಜ ದೇಸಾಯಿಯ ಮಗ ಶಿವಲಿಂಗರುದ್ರಸರ್ಜನು 1824ರ ಸೆಪ್ಟೆಂಬರ ತಿಂಗಳಲ್ಲಿ ಸಂತಾನವಿಲ್ಲದೆ ತೀರಿಕೊಂಡನು. ಸಾಯುವ ಮುನ್ನ ಅವನು ಮಾಸ್ತಮರಡಿಯ ಮನೆತನದ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡಿದ್ದನು. ಧಾರವಾಡದಲ್ಲಿ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದ ಸೇಂಟ್ ಜಾನ್ ಥ್ಯಾಕರೆಯು ಆ ದತ್ತಕವನ್ನು ಮಾನ್ಯ ಮಾಡಲಿಲ್ಲ. ಕಿತ್ತೂರಿನ ಭಂಡಾರಕ್ಕೆ ತನ್ನ ಕಾವಲು ಹಾಕಿಸಿದನು. ಅಕ್ಟೋಬರ 23ರಂದು ತೋಫುಗಳೊಡನೆ ಕೋಟೆಯ ಬಾಗಿಲಿಗೆ ಬಂದ ಥ್ಯಾಕರೆಯ ಸೈನ್ಯದ ಮೇಲೆ ಚೆನ್ನಮ್ಮರಾಣಿಯ ಪಡೆ ಎರಗಿತು. ಅಮಟೂರ ಬಾಳಪ್ಪನ ಗುಂಡಿಗೆ ಥ್ಯಾಕರೆ ಬಲಿಯಾದನು. ಡಿಸೆಂಬರದಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕಿತ್ತೂರನ್ನು ಗೆದ್ದಿತು. ರಾಣಿ ಬೈಲಹೊಂಗಲದ ಬಂಧನದಲ್ಲಿ 1829ರಲ್ಲಿ ಲಿಂಗೈಕ್ಯಳಾದಳು. ಅವಳ ಸಮಾಧಿ ಆ ಊರಿನಲ್ಲಿದೆ.

ಥ್ಯಾಕರೆಯ ಮರಣ ಹಾಡುಹಗಲಿನಲ್ಲಿ, ಉಭಯಪಕ್ಷದ ಶಸ್ತ್ರಗಳೂ ಒರೆಯಿಂದ ಹೊರಬಂದಿದ್ದ ಕಾಳಗದಲ್ಲಿ ಆದುದು. ಅದರಲ್ಲಿ ಸೆರೆಸಿಕ್ಕ ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಆಂಗ್ಲ ಅಧಿಕಾರಿಗಳನ್ನು ಕಿತ್ತೂರಿನವರು ಕೊಲ್ಲಲಿಲ್ಲ. ಜೀವಸಹಿತ ಹಿಂದಕ್ಕೆ ಕಳುಹಿಸಿದರು. ಈ ಸಂಗತಿಯನ್ನು ಮುಂದಿನ ವಿಚಾರಕ್ಕಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ರಾಣಿಯ ಮರಣಾನಂತರ ಎದ್ದ ರಾಯಣ್ಣನ ದಂಗೆಯ ಉದ್ದೇಶವೂ ಅದೇ ದತ್ತಕಪುತ್ರ ಶಿವಲಿಂಗಪ್ಪನನ್ನು ಕಿತ್ತೂರ ಗಾದಿಯ ಮೇಲೆ ಕೂಡಿಸುವುದಾಗಿತ್ತು. ಮಲಪ್ರಭೆಯ ದಂಡೆಯ ಸಂಗೊಳ್ಳಿಯ ಈ ಬಂಟನು ಬೀಡಿಯ ಕಚೇರಿಯನ್ನು ಸುಟ್ಟು, ಕಂಪನಿಯ ದಫ್ತರಗಳನ್ನು ಬೂದಿ ಮಾಡಿ, ತಿಂಗಳುಗಟ್ಟಲೆ ಸರ್ಕಾರದ ನಿದ್ದೆ ಕೆಡಿಸಿದನು. 1830ರ ಏಪ್ರಿಲದಲ್ಲಿ ತನ್ನವರ ದ್ರೋಹದಿಂದ ಸೆರೆಸಿಕ್ಕನು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಸೆರೆಗೂ ಗಲ್ಲಿಗೂ ನಡುವೆ ಒಂಬತ್ತು ತಿಂಗಳು ಕಳೆದವು. ಸುರೇಬಾನದ ಪ್ರಕರಣದಲ್ಲಿ ಅಷ್ಟು ಕಾಲ ಸಲ್ಲಲಿಲ್ಲ.

ನರಗುಂದದ ಅಸಮಾಧಾನ

ನರಗುಂದ ಮತ್ತು ರಾಮದುರ್ಗ ಒಂದೇ ಭಾವೆ ಮನೆತನದ ಎರಡು ಸಂಸ್ಥಾನಗಳು. 1785ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ನರಗುಂದವನ್ನು ಹಿಡಿದು ಅಂದಿನ ವೆಂಕಟರಾಯನನ್ನು ಸೆರೆಯೊಯ್ದಿತ್ತು. ಅಂಥ ಸಂಕಟವನ್ನೂ ದಾಟಿ ಉಳಿದ ಈ ಚಿಕ್ಕ ಸಂಸ್ಥಾನವು ಕಂಪನಿಯ ಕಾಲದಲ್ಲಿ ಭಾಸ್ಕರರಾಯರ ಕೈಗೆ ಬಂದಿತು. ಅವರು ವಿದ್ಯಾಭಿಮಾನಿಗಳು, ಸಾವಿರಾರು ಗ್ರಂಥಗಳನ್ನು ಕೂಡಿಸಿಟ್ಟಿದ್ದರೆಂದು ಅವರನ್ನು ದಂಡಿಸಿದ ಪಕ್ಷದವರೇ ಬರೆದಿದ್ದಾರೆ. ಅವರಿಗಿದ್ದ ಒಬ್ಬ ಮಗ ತೀರಿಕೊಂಡನು. ದತ್ತಕಕ್ಕೆ ಅನುಮತಿ ಬೇಡಿದರು. ಕಂಪನಿ ಸರ್ಕಾರ ಒಪ್ಪಲಿಲ್ಲ.

ಅದು ಕಂಪನಿಯು ದತ್ತಕವನ್ನು ತಿರಸ್ಕರಿಸಿ ಸಂಸ್ಥಾನಗಳನ್ನು ಖಾಲಸಾ ಮಾಡುತ್ತಿದ್ದ ಕಾಲ. 1848ರಲ್ಲಿ ಸಾತಾರೆ, 1854ರಲ್ಲಿ ಝಾನ್ಸಿ ಮತ್ತು ನಾಗಪುರ ಹೀಗೆಯೇ ಹೋದವು. ಇದಕ್ಕೆ ಜೊತೆಯಾಗಿ ಇನಾಮು ಕಮಿಷನ್ನು ನಡೆಯಿತು. 1852ರ ಕಾಯಿದೆಯ ಮೇರೆಗೆ ಅದರ ಅಧಿಕಾರಿಗಳು ದಕ್ಷಿಣ ಮಹಾರಾಷ್ಟ್ರ ಪ್ರಾಂತದ ಊರೂರುಗಳಲ್ಲಿ ಇನಾಮುದಾರರ ಸನದುಗಳನ್ನು ಕೇಳುತ್ತ ಬಂದರು. ತಲೆಮಾರುಗಳಿಂದ ಅನುಭವಿಸುತ್ತ ಬಂದ ಭೂಮಿಗೆ ಕಾಗದ ತೋರಿಸಲಾರದವರು ಅದನ್ನು ಕಳೆದುಕೊಂಡರು. ಮಠ ದೇವಸ್ಥಾನಗಳ ಉಂಬಳಿಗಳೂ ಈ ಪರೀಕ್ಷೆಗೆ ಒಳಗಾದವು. ಮಾತನ್ನು ನಂಬಿ ನಡೆದ ನಾಡಿನಲ್ಲಿ ಕಾಗದವೊಂದೇ ಪ್ರಮಾಣವಾದಾಗ ಜನರ ಮನಸ್ಸಿನಲ್ಲಿ ಹುಟ್ಟಿದ ಕಹಿಯನ್ನು ಊಹಿಸುವುದು ಕಷ್ಟವಲ್ಲ.

ಈ ಇನಾಮು ಕಮಿಷನ್ನಿನಲ್ಲಿ ಕೆಲಸ ಮಾಡಿ ಜನರ ಅಪ್ರೀತಿಯನ್ನು ಗಳಿಸಿದ್ದ ಚಾರ್ಲ್ಸ್ ಮ್ಯಾನ್ಸನ್ನನೇ 1858ರಲ್ಲಿ ಈ ಸಂಸ್ಥಾನಗಳ ಪೊಲಿಟಿಕಲ್ ಏಜೆಂಟನ ಅಧಿಕಾರವನ್ನು ವಹಿಸಿದನು. ಅದಕ್ಕೆ ಮುಂಚೆ ಆ ಕೆಲಸ ಬೆಳಗಾವಿಯ ಕಲೆಕ್ಟರನಾಗಿದ್ದ ಸೀಟನ್ ಕಾರ್ ಎಂಬವನ ಕೈಯಲ್ಲಿತ್ತು. ಅವನು ಸಂಸ್ಥಾನಿಕರೊಡನೆ ಸೌಮ್ಯವಾಗಿ ನಡೆದುಕೊಳ್ಳುತ್ತಿದ್ದನು. ಉತ್ತರದಲ್ಲಿ ಬಂಡಾಯದ ಬೆಂಕಿ ಆರಿರಲಿಲ್ಲ. ಈ ಕಡೆಯಲ್ಲಿಯೂ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಎದುರಿಸಿದ ಹಲಗಲಿಯ ಬೇಡರನ್ನು 1857ರ ಡಿಸೆಂಬರದಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೆ ಹಾಕಿದ್ದರು. ನರಗುಂದದ ತೋಫು, ಮದ್ದುಗುಂಡುಗಳನ್ನು ಒಪ್ಪಿಸಬೇಕೆಂಬ ಆಜ್ಞೆ ಭಾಸ್ಕರರಾಯರಿಗೂ ಬಂದಿತು. ವಂಶಕ್ಕೆ ವಾರಸುದಾರನಿಲ್ಲ, ಕೋಟೆಗೆ ತೋಫಿಲ್ಲ ಎಂಬ ಸ್ಥಿತಿ ಒದಗಿತು. ಮೇ ತಿಂಗಳ ಕೊನೆಗೆ ಮುಂಡರಗಿಯ ಭೀಮರಾಯನು ದಂಬಳದ ಕಡೆಯಲ್ಲಿ ದಂಗೆಯೆದ್ದು ಕೊಪ್ಪಳದ ಕೋಟೆಯನ್ನು ಸೇರಿದನು. ನರಗುಂದವೂ ಹಿಂದೆ ನಿಲ್ಲಲಿಲ್ಲ.

ಮೇ 29ರ ರಾತ್ರಿ

ಮ್ಯಾನ್ಸನ್ನನು ಕುರುಂದವಾಡದ ಕಡೆಯಿಂದ ಅವಸರದಲ್ಲಿ ಹೊರಟು ಹತ್ತು ಹನ್ನೆರಡು ಸವಾರರೊಡನೆ ರಾಮದುರ್ಗಕ್ಕೆ ಬಂದನು. ಅಲ್ಲಿಯ ಸಂಸ್ಥಾನಿಕರು ಭಾಸ್ಕರರಾಯರ ಮಲಸೋದರರು. ಬಂಡಾಯದಲ್ಲಿ ಕೂಡಿಕೊಳ್ಳಬೇಕೆಂದು ನರಗುಂದದಿಂದ ತಮಗೆ ಬಂದ ಪತ್ರವನ್ನು ಅವರು ಮ್ಯಾನ್ಸನ್ನನಿಗೆ ತೋರಿಸಿದರು. ನರಗುಂದ ಸೀಮೆಯ ದಾರಿಯನ್ನು ಹಿಡಿಯಬೇಡವೆಂದು ಎಚ್ಚರಿಸಿದರು. ಆತನು ಕೇಳಲಿಲ್ಲ. ಧಾರವಾಡದಿಂದ ಬರಲಿದ್ದ ಕರ್ನಲ್ ಮಾಲ್ಕಮ್‌ನ ಸೈನ್ಯವನ್ನು ಕೂಡಿಕೊಳ್ಳುವ ಆತುರದಲ್ಲಿ ಮುಂದೆ ಸಾಗಿ, 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದನು. ದಣಿದ ಸವಾರರು ನಿದ್ದೆ ಹೋದರು. ಮ್ಯಾನ್ಸನ್ನನು ತನ್ನ ಪಾಲಕಿಯಲ್ಲಿ ಮಲಗಿದನು.

ಭಾಸ್ಕರರಾಯರು ನೂರಾರು ಕುದುರೆ ಕಾಲಾಳುಗಳೊಡನೆ ನಡುರಾತ್ರಿಯಲ್ಲಿ ಆ ತಂಗುದಾಣವನ್ನು ಮುತ್ತಿದರು. ಗದ್ದಲಕ್ಕೆ ಎಚ್ಚೆತ್ತ ಮ್ಯಾನ್ಸನ್ನನು ಪಿಸ್ತೂಲು ಹಾರಿಸಿ ಒಬ್ಬನನ್ನು ಗಾಯಗೊಳಿಸಿದನು. ಮರುಕ್ಷಣದಲ್ಲಿ ಅವನು ಹತನಾದನು. ಅವನ ತಲೆಯನ್ನು ಕಡಿದು, ಮುಂಡವನ್ನು ಬೆಂಕಿಗೆ ಹಾಕಿದರು. ಅವನ ಜೊತೆಯವರನ್ನೂ ಕೊಂದರು. ತಲೆಯನ್ನು ನರಗುಂದಕ್ಕೆ ಒಯ್ದು ಊರ ಅಗಸೆಯಲ್ಲಿ ತೂಗಹಾಕಿದರು.

ವೀರಗಾಥೆಗಳಲ್ಲಿ ಈ ಭಾಗವನ್ನು ಬೇಗ ದಾಟಿ ಹೋಗುವುದುಂಟು. ಇತಿಹಾಸಕ್ಕೆ ಹಾಗೆ ದಾಟುವ ಅಧಿಕಾರವಿಲ್ಲ. ಮ್ಯಾನ್ಸನ್ನನೊಡನೆ ಸತ್ತ ಸವಾರರು ಪರದೇಶದವರಲ್ಲ, ಈ ನೆಲದವರೇ. ಹೊಟ್ಟೆಯ ಪಾಡಿಗೆ ಕುದುರೆ ಏರಿದವರು. ಇನಾಮು ಕಮಿಷನ್ನಿನ ಅನ್ಯಾಯಕ್ಕೂ ಅವರಿಗೂ ಸಂಬಂಧವಿರಲಿಲ್ಲ. ಗಾದಿ ಕಳೆದುಕೊಳ್ಳಲಿದ್ದ ಅರಸನ ಸಿಟ್ಟಿಗೆ ಅವರು ಬಲಿಯಾದರು. ಅವರ ಮನೆಗಳಲ್ಲಿಯೂ ಆ ರಾತ್ರಿಯ ನಂತರ ಹೆಂಗಸರು ಅತ್ತಿರಬೇಕು.

ಹದಿನಾಲ್ಕು ದಿನಗಳು

ಮುಂದಿನ ಘಟನೆಗಳ ವೇಗ ಗಮನಾರ್ಹವಾಗಿದೆ. ಜೂನ್ 1ರಂದು ಮಾಲ್ಕಮ್‌ನ ಸೈನ್ಯ ನರಗುಂದದ ಮುಂದೆ ಬಂದಿತು. ಹೊರಬಂದು ಎದುರಿಸಿದ ನರಗುಂದದ ಪಡೆ ಸೋತಿತು. ಅದೇ ದಿನ ಕೊಪ್ಪಳದಲ್ಲಿ ಮುಂಡರಗಿ ಭೀಮರಾಯನು ಹೋರಾಡುತ್ತ ಮಡಿದನು. ಮರುದಿನ ನರಗುಂದದ ಬೆಟ್ಟದ ಕಿಲ್ಲೆ ಆಂಗ್ಲರ ವಶವಾಯಿತು. ಭಾಸ್ಕರರಾಯರು ಕೆಲವು ಜನ ಅನುಚರರೊಡನೆ ಪಂಢರಪುರದ ಯಾತ್ರಿಕರ ವೇಷದಲ್ಲಿ ತಪ್ಪಿಸಿಕೊಂಡು ಹೋಗುತ್ತಿದ್ದಾಗ ಬೆಳಗಾವಿಯ ಪೊಲೀಸ ಅಧಿಕಾರಿ ಫ್ರ್ಯಾಂಕ್ ಸೂಟರ್ ಎಂಬವನು ತೊರಗಲ್ಲಿನ ಕಾಡಿನಲ್ಲಿ ಅವರನ್ನು ಹಿಡಿದನು. ಅವರ ತಾಯಿಯೂ ಹೆಂಡತಿಯೂ ಮಲಪ್ರಭೆಯಲ್ಲಿ ಬಿದ್ದು ಪ್ರಾಣ ಬಿಟ್ಟರು. ಜೂನ್ 12ರಂದು ಭಾಸ್ಕರರಾಯರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.

ಕೊಲೆಯಿಂದ ಗಲ್ಲಿಗೆ ಹದಿನಾಲ್ಕು ದಿನಗಳು. ಸೆರೆಯಿಂದ ಗಲ್ಲಿಗೆ ಹತ್ತೇ ದಿನಗಳು. ಆ ಹತ್ತು ದಿನಗಳೊಳಗೆ ಒಯ್ಯುವುದು, ಆರೋಪ ಹೊರಿಸುವುದು, ವಿಚಾರಣೆ, ತೀರ್ಪು, ದಂಡನೆ ಎಲ್ಲವೂ ಮುಗಿದುಹೋದವು. ಇಂಡಿಯನ್ ಪೀನಲ್ ಕೋಡ್ ಆಗ ಇನ್ನೂ ಇರಲಿಲ್ಲ. ಅದು ರಚಿತವಾದುದು 1860ರಲ್ಲಿ, ಜಾರಿಗೆ ಬಂದುದು 1862ರಲ್ಲಿ. ಒಂದು ಹೊಲದ ಮೇರೆಯ ವ್ಯಾಜ್ಯವೂ ಮುಗಿಯದಷ್ಟು ಅವಧಿಯಲ್ಲಿ ಒಂದು ಸಂಸ್ಥಾನದ ಒಡೆಯನ ಪ್ರಾಣದ ಪ್ರಶ್ನೆ ಇತ್ಯರ್ಥವಾಯಿತು.

ಕೊಲೆಯೋ, ಯುದ್ಧವೋ

ಈ ಪ್ರಕರಣವನ್ನು ಎರಡು ದೃಷ್ಟಿಗಳಿಂದ ನೋಡಬೇಕು. ಮೊದಲನೆಯದು ರಾಜನೀತಿಯ ದೃಷ್ಟಿ. ಭಾಸ್ಕರರಾಯರು ಕಂಪನಿಯ ಸಾಮಾನ್ಯ ಪ್ರಜೆಯಾಗಿರಲಿಲ್ಲ. ತನ್ನ ಕೋಟೆ, ದಂಡು, ಭಂಡಾರಗಳುಳ್ಳ ಸಂಸ್ಥಾನಿಕರಾಗಿದ್ದರು. ಅವರು ಸರ್ಕಾರದ ಅಧಿಕಾರಿಯ ಮೇಲೆ ಕೈಮಾಡಿದುದು ಯುದ್ಧಘೋಷಣೆಯೇ ಹೌದಾದರೆ ಸೋತ ಶತ್ರುವಿಗೆ ಸಲ್ಲುವ ರೀತಿ ಬೇರೆ. ಕಿತ್ತೂರಿನಲ್ಲಿ ಕಲೆಕ್ಟರನೇ ಬಿದ್ದರೂ ರಾಣಿಯನ್ನು ಸೆರೆಯಲ್ಲಿಟ್ಟರೇ ಹೊರತು ಗಲ್ಲಿಗೇರಿಸಲಿಲ್ಲ. ನರಗುಂದದ ವಿಷಯದಲ್ಲಿ ಅರಸನನ್ನು ಕೊಲೆಗಾರನೆಂದು ದಂಡಿಸಿದರು. ಕೊಲೆಗಾರನ ಅಪರಾಧ ಅವನೊಬ್ಬನದು ಮಾತ್ರ. ಅದಕ್ಕಾಗಿ ಸಂಸ್ಥಾನವೇಕೆ ಹೋಗಬೇಕು? ಆದರೆ ನರಗುಂದವೂ ಖಾಲಸಾ ಆಗಿ ಧಾರವಾಡ ಜಿಲ್ಲೆಯಲ್ಲಿ ಸೇರಿತು. ವ್ಯಕ್ತಿಗೆ ಕೊಲೆಯ ಶಿಕ್ಷೆ, ಸಂಸ್ಥಾನಕ್ಕೆ ಯುದ್ಧದ ಶಿಕ್ಷೆ ಹೀಗೆ ಒಂದೇ ಕೃತ್ಯಕ್ಕೆ ಎರಡು ನ್ಯಾಯಗಳು ಪ್ರಯೋಗವಾದವು. ದತ್ತಕವನ್ನು ನಿರಾಕರಿಸಿ, ಸಂಸ್ಥಾನಿಕನ ಸಹಜ ಮರಣದ ತನಕ ಕಾದು ಪಡೆಯಬೇಕಾಗಿದ್ದುದನ್ನು ಸರ್ಕಾರ ಹದಿನಾಲ್ಕು ದಿನಗಳಲ್ಲಿ ಪಡೆಯಿತು. ಫಿರ್ಯಾದಿಯೂ ನ್ಯಾಯಾಧೀಶನೂ ದಂಡನೆಯಿಂದ ಲಾಭ ಪಡೆಯುವವನೂ ಒಬ್ಬನೇ ಆದ ಸಭೆಯನ್ನು ನ್ಯಾಯಸಭೆಯೆಂದು ಕರೆಯುವುದು ಕಷ್ಟ.

ಇತಿಹಾಸವೇ ಇದಕ್ಕೆ ಒಂದು ಸಾಕ್ಷ್ಯವನ್ನು ಒದಗಿಸಿದೆ. ಅದೇ 1858ರ ನವೆಂಬರ 1ರಂದು ವಿಕ್ಟೋರಿಯಾ ರಾಣಿಯ ಘೋಷಣೆ ಹೊರಟಿತು. ರಾಜ್ಯವಿಸ್ತಾರದ ಆಸೆ ತನಗಿಲ್ಲವೆಂದೂ ಸಂಸ್ಥಾನಿಕರ ಹಕ್ಕು ಮರ್ಯಾದೆಗಳನ್ನು ಕಾಯುವೆನೆಂದೂ ಅದು ಸಾರಿತು. ಮುಂದೆ ಕ್ಯಾನಿಂಗನ ಕಾಲದಲ್ಲಿ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಕೊಟ್ಟರು. ರಾಮದುರ್ಗವೂ ಅಂಥ ಸನದನ್ನು ಪಡೆದು 1948ರ ಮಾರ್ಚ ತಿಂಗಳವರೆಗೆ ಸಂಸ್ಥಾನವಾಗಿಯೇ ಉಳಿಯಿತು. ಅಣ್ಣತಮ್ಮಂದಿರ ಎರಡು ಮನೆಗಳಲ್ಲಿ ಒಂದಕ್ಕೆ ಕೇಳಿದಾಗ ನಿರಾಕರಿಸಿದುದನ್ನು ಕೆಲವೇ ವರ್ಷಗಳಲ್ಲಿ ಇನ್ನೊಂದಕ್ಕೆ ತಾವಾಗಿಯೇ ಬರೆದುಕೊಟ್ಟರು. ತನ್ನ ಮೊದಲ ನೀತಿ ತಪ್ಪೆಂಬುದನ್ನು ಸರ್ಕಾರ ಬಾಯಿಬಿಟ್ಟು ಹೇಳದಿದ್ದರೂ ಕೃತಿಯಿಂದ ಒಪ್ಪಿಕೊಂಡಂತಾಯಿತು. ಅಷ್ಟರಲ್ಲಿ ಭಾಸ್ಕರರಾಯರ ಮನೆಯಲ್ಲಿ ದೀಪ ಹಚ್ಚುವವರು ಉಳಿದಿರಲಿಲ್ಲ.

ಎರಡನೆಯದು ಧರ್ಮದ ದೃಷ್ಟಿ. ಸರ್ಕಾರ ತಪ್ಪಿತಸ್ಥವೆಂದ ಮಾತ್ರಕ್ಕೆ ಸುರೇಬಾನದ ಕೃತ್ಯ ನಿರ್ದೋಷವಾಗುವುದಿಲ್ಲ. ಮಲಗಿದವರ ಮೇಲೆ ನಡುರಾತ್ರಿ ಎರಗಿದ ಅಶ್ವತ್ಥಾಮನನ್ನು ಮಹಾಭಾರತ ಮೆಚ್ಚಲಿಲ್ಲ. ಅವನ ತಂದೆಗಾದ ಅನ್ಯಾಯ ಎಷ್ಟೇ ದೊಡ್ಡದಾಗಿದ್ದರೂ ಆ ರಾತ್ರಿಯ ಕೆಲಸಕ್ಕೆ ಅದು ಸಮಾಧಾನವಾಗಲಿಲ್ಲ. ಕಿತ್ತೂರಿನವರು ಕಾಳಗದಲ್ಲಿ ಶತ್ರುವನ್ನು ಕೆಡಹಿದರು, ಕೈಗೆ ಸಿಕ್ಕವರನ್ನು ಉಳಿಸಿದರು. ಸುರೇಬಾನದಲ್ಲಿ ಕೈಗೆ ಸಿಕ್ಕವರನ್ನು ಕೊಂದರು, ಸತ್ತವನ ದೇಹವನ್ನೂ ಅವಮಾನಿಸಿದರು. ಒಂದೇ ಹೊಳೆಯ ದಂಡೆಯ, ಒಂದೇ ಕಾರಣದಿಂದ ಹುಟ್ಟಿದ ಈ ಎರಡು ಪ್ರಸಂಗಗಳ ನಡುವಿನ ಅಂತರ ಇದು.

ಈ ಅಂತರವನ್ನು ಗುರುತಿಸಲು ಪಂಡಿತರೇ ಬೇಕೆಂದಿಲ್ಲ. ಈ ಸೀಮೆಯ ಲಾವಣಿಕಾರರಿಗೂ ಅದು ತಿಳಿದಿತ್ತು. ಫ್ಲೀಟ್ ಸಾಹೇಬನು ಹತ್ತೊಂಬತ್ತನೆಯ ಶತಮಾನದಲ್ಲಿ ಸಂಗ್ರಹಿಸಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನದೂ ಇದೆ, ಹಲಗಲಿಯ ಬೇಡರದೂ ಇದೆ, ಬೈಲಹೊಂಗಲದಲ್ಲಿ ನಡೆಯಿತೆಂದು ಹೇಳುವ ಸಂಗ್ಯಾನ ಕೊಲೆಯದೂ ಇದೆ. ಪರಸ್ತ್ರೀಮೋಹದಿಂದ ಹುಟ್ಟಿ, ಗೆಳೆಯ ಬಾಳ್ಯಾನ ದ್ರೋಹದಿಂದ ಕೊನೆಗಂಡ ಆ ಕಥೆ ಸಣ್ಣಾಟವಾಗಿ ಹಳ್ಳಿ ಹಳ್ಳಿಗಳಲ್ಲಿ ಕುಣಿಯಿತು. ಜನರು ಮೂರನ್ನೂ ಹಾಡಿದರು. ಆದರೆ ಮೂರಕ್ಕೂ ಒಂದೇ ಬೆಲೆ ಕಟ್ಟಲಿಲ್ಲ. ಸಂಗ್ಯಾನ ಕಥೆಯನ್ನು ಕೇಳಿ ಎಚ್ಚರಗೊಂಡರು. ರಾಯಣ್ಣನ ಗೋರಿಯ ಆಲದ ಮರಕ್ಕೆ ಮಕ್ಕಳ ಹರಕೆಯ ತೊಟ್ಟಿಲು ಕಟ್ಟಿದರು. ಸರ್ಕಾರದ ದಫ್ತರದಲ್ಲಿ ಗಲ್ಲಿಗೇರಿದವರೆಲ್ಲ ಅಪರಾಧಿಗಳೇ. ಜನರ ನ್ಯಾಯಸ್ಥಾನವು ಗಲ್ಲಿನ ಹಗ್ಗವನ್ನು ನೋಡದೆ ಅದರ ಹಿಂದಿನ ನಡತೆಯನ್ನು ನೋಡಿತು.

ಕಲ್ಯಾಣದ ಪಾಠ

ಅನ್ಯಾಯದ ಮರಣದಂಡನೆ, ಅದಕ್ಕೆ ಪ್ರತಿಯಾದ ಹತ್ಯೆ ಎಂಬ ಈ ಸರಣಿ ವೀರಶೈವರಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ಮಧುವರಸರಿಗೆ ಬಿಜ್ಜಳನು ವಿಧಿಸಿದ ಕ್ರೂರ ದಂಡನೆಯನ್ನು ಪುರಾಣ ಪರಂಪರೆ ಕಣ್ಣೀರಿನಿಂದ ನೆನೆಯುತ್ತದೆ. ಅವರು ಮಾಡಿದ ಅಪರಾಧವೆಂದರೆ ಕುಲಭೇದವನ್ನು ಮೀರಿ ಬೀಗರಾದುದು. ಆ ದಂಡನೆಯಿಂದ ಕೆರಳಿದ ಜಗದೇವ ಮೊದಲಾದವರು ಬಿಜ್ಜಳನನ್ನು ಕೊಂದರೆಂಬುದು ಅದೇ ಪರಂಪರೆಯ ಮಾತು. ಕೊಲೆಗೆ ಕಾರಣವಿತ್ತು, ಕಾರಣ ಬಲವಾಗಿಯೂ ಇತ್ತು. ಆದರೂ ಆ ಕೈಗಳಲ್ಲಿ ಬಸವಣ್ಣನವರ ಕೈ ಇರಲಿಲ್ಲ. ಅವರು ಕಲ್ಯಾಣವನ್ನು ಬಿಟ್ಟು ಕೂಡಲಸಂಗಮಕ್ಕೆ ಹೊರಟಿದ್ದರು. ಬಿಜ್ಜಳನ ಮರಣದಿಂದ ಹರಳಯ್ಯನು ಮರಳಿ ಬರಲಿಲ್ಲ, ಕಲ್ಯಾಣವೂ ಉಳಿಯಲಿಲ್ಲ. ಅನುಭವಮಂಟಪ ಬರಿದಾಯಿತು; ವಚನಗಳ ಕಟ್ಟುಗಳನ್ನು ಹೊತ್ತ ಶರಣರು ದಿಕ್ಕು ದಿಕ್ಕಿಗೆ ಚದುರಿದರು. ಅವರಲ್ಲಿ ಕಕ್ಕಯ್ಯನಂಥವರು ಕಕ್ಕೇರಿಯವರೆಗೆ ಬಂದು ಈ ಸೀಮೆಯ ಮಣ್ಣಿನಲ್ಲಿಯೇ ಐಕ್ಯರಾದರು.

ಕೊಲ್ಲುವ ಕೈಯನ್ನೂ ಕೊಲ್ಲಿಸುವ ಸಿಂಹಾಸನವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಶರಣರ ವಿಚಾರದ ವೈಶಿಷ್ಟ್ಯ. ಅವರು ಅರಸನ ದಂಡಕ್ಕೆ ಹೆದರಿ ಅನ್ಯಾಯವನ್ನು ಒಪ್ಪಲಿಲ್ಲ. ಅನ್ಯಾಯಕ್ಕೆ ಒಳಗಾದವನ ಸಿಟ್ಟನ್ನು ಕಂಡು ಹಿಂಸೆಯನ್ನು ಧರ್ಮವೆನ್ನಲೂ ಇಲ್ಲ. ಈ ತಕ್ಕಡಿಯಲ್ಲಿ ತೂಗಿದಾಗ ಸುರೇಬಾನದ ಕೊಲೆಯನ್ನು ಕೊಲೆಯೆಂದೇ ಹೇಳಬೇಕಾಗುತ್ತದೆ. ಬೆಳಗಾವಿಯ ಗಲ್ಲನ್ನೂ ನ್ಯಾಯವೆನ್ನಲು ಬಾಯಿ ಬರುವುದಿಲ್ಲ. ಭಾಸ್ಕರರಾಯರ ಸ್ವಾತಂತ್ರ್ಯಪ್ರೇಮಕ್ಕೂ ಅವರು ಪಟ್ಟ ಸಂಕಟಕ್ಕೂ ಗೌರವ ಸಲ್ಲಬೇಕು. ಅದನ್ನು ಸಲ್ಲಿಸುವಾಗ ಆ ರಾತ್ರಿ ಮಡಿದ ಹೆಸರಿಲ್ಲದ ಸವಾರರನ್ನೂ ಮರೆಯಬಾರದು.

ನರಗುಂದದ ಬೆಟ್ಟದ ಕಿಲ್ಲೆ ಈಗಿನ ಗದಗ ಜಿಲ್ಲೆಗೆ ಸೇರಿದೆ. ಸುರೇಬಾನ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲೂಕಿನಲ್ಲಿದೆ. ಸಂಗೊಳ್ಳಿಯ ಬಂಟನು ಈಜಾಡಿದ, ನರಗುಂದದ ಅತ್ತೆ ಸೊಸೆಯರು ಕೊನೆಯ ಆಸರೆಯಾಗಿ ಹೊಕ್ಕ ಮಲಪ್ರಭೆಯು ಸವದತ್ತಿಯ ಗುಡ್ಡ, ತೊರಗಲ್ಲಿನ ಸೀಮೆ, ಪಟ್ಟದಕಲ್ಲು, ಐಹೊಳೆಗಳನ್ನು ಹಾದು ಬಸವಣ್ಣನವರ ಐಕ್ಯಸ್ಥಳದ ಬಳಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ಸಂಗಮದಲ್ಲಿ ಮಿಂದು ಬರುವ ಭಕ್ತರು ಕಿತ್ತೂರಿನ ರಾಣಿಯನ್ನು, ನಂದಗಡದ ರಾಯಣ್ಣನನ್ನು, ಸುರೇಬಾನದಲ್ಲಿ ಅಳಿದ ಎರಡೂ ಪಕ್ಷದವರನ್ನು ಒಮ್ಮೆ ನೆನೆದರೆ ಈ ಹೊಳೆಯ ಚರಿತ್ರೆಗೆ ಸಲ್ಲಬೇಕಾದ ಋಣ ಸಂದಂತಾಗುತ್ತದೆ.